ಏಳನೆಯ ಸಂಖ್ಯೆ

ಪ್ರಿಪರೇಟರಿ ಪರೀಕ್ಷೆಯಲ್ಲಿ ಈರಕ್ಕ ಲೆಕ್ಕದ ಪೇಪರು ಬರೆಯಲಿಲ್ಲ. ಮಾರನೆಯ ದಿನ ವಿಜ್ಞಾನವನ್ನೂ ಬರೆಯಲಿಲ್ಲ. ಅದಾದ ಮೇಲೆ ಸ್ಕೂಲಿಗೆ ಬಂದವಳು, ಕೇಳಿದವರಿಗೆಲ್ಲ ಜ್ವರ ಬಂದಿತ್ತು ಎಂದಳು. ಲೆಕ್ಕದ ಮೇಡಂ ಜಗದಾಂಬ ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಪಬ್ಲಿಕ್ ಪರೀಕ್ಷೇಲಿ ಜ್ವರ ಗಿರ ಅಂದ್ರೆ ಯಾರೂ ಕೇಳಲ್ಲಮ್ಮ, ಹುಷಾರು" ಎಂದಷ್ಟೇ ಹೇಳಿ ಹಾಜರಿ ಕೂಗಲು ಶುರು ಮಾಡಿದರು.

ಅದು 1982ರ ಮಾರ್ಚ್. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಮೂರು ವಾರ ಉಳಿದಿತ್ತು. ಈರಕ್ಕನ ಹಟ್ಟಿ ಮಿಡಿಗೇಶಿಯಿಂದ ಅರ್ಧ ಗಂಟೆ ನಡೆದರೆ ಸಿಗುತ್ತಿತ್ತು. ಮೂವತ್ತು ಮನೆ, ಸುತ್ತ ಮುಳ್ಳಿನ ಬೇಲಿ, ನಡುವೆ ದೇವರ ಗುಡಿ, ಮನೆಗಳ ಹಿಂದೆ ಕುರಿ ಕೂಡುವ ರೊಪ್ಪಗಳು. ಆ ಹಟ್ಟಿಯಿಂದ ಹತ್ತನೇ ಕ್ಲಾಸಿನ ತನಕ ಬಂದ ಮೊದಲ ಹುಡುಗಿ ಅವಳೇ. ಅಪ್ಪ ಯತ್ತಪ್ಪ ವರ್ಷದಲ್ಲಿ ಅರ್ಧ ಕಾಲ ಕುರಿ ಹೊಡೆದುಕೊಂಡು ಪಾವಗಡದ ಆಚೆ ತೆಲುಗರ ಸೀಮೆಗೆ ಹೋಗಿಬಿಡುತ್ತಿದ್ದ. ಮಗಳು ಓದುವುದು ಅವನಿಗೆ ಇಷ್ಟವೋ ಅಲ್ಲವೋ ಯಾರಿಗೂ ತಿಳಿಯದು. ಬೇಡ ಎಂದು ಮಾತ್ರ ಅವನು ಅಂದವನಲ್ಲ. ರಾಯಚರ್ಲುವಿನ ಸೋದರಮಾವ ತನ್ನ ಮಗನಿಗೆ ಅವಳನ್ನು ತಂದುಕೊಳ್ಳುವ ಮಾತು ಆಡಿ ಹೋಗಿದ್ದ. ಹತ್ತು ಪಾಸಾಗದಿದ್ದರೆ ಶ್ರಾವಣದಲ್ಲೇ ಮದುವೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವಳಿಗೆ ಜ್ವರ ಬಂದಿರಲಿಲ್ಲ. ಹಟ್ಟಿಯಲ್ಲಿ ಹೆಂಗಸರು ಮುಟ್ಟಾದರೆ ಬೇಲಿಯಾಚೆ ಹೊಂಗೆಮರದ ಕೆಳಗಿನ ಸಣ್ಣ ಗುಡಿಸಲಿನಲ್ಲಿ ಮೂರು ದಿನ ಇರಬೇಕು. ಊಟ ಅಲ್ಲಿಗೇ ಬರುತ್ತದೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಅಷ್ಟು ದಿನ ಪುಸ್ತಕ ಮುಟ್ಟುವಂತಿಲ್ಲ, ಪುಸ್ತಕ ಸರಸ್ವತಿ. ಸ್ಕೂಲಿನ ದಾರಿ ಗುಡಿಯ ಮುಂದೆಯೇ ಹಾಯುವುದರಿಂದ ಆ ದಾರಿಯನ್ನೂ ತುಳಿಯುವಂತಿಲ್ಲ. ಅವಳವ್ವ ಹೊನ್ನಕ್ಕ, ದೊಡ್ಡವ್ವ ಪುಟ್ಟಕ್ಕ, ಎಲ್ಲರೂ ಹಾಗೆಯೇ ಕೂತು ಬಂದವರು. ಈರಕ್ಕನಿಗೂ ಅದು ತಪ್ಪು ಎನ್ನಿಸಿರಲಿಲ್ಲ. ಲೆಕ್ಕದ ಪರೀಕ್ಷೆಯ ದಿನ ಗುಡಿಸಲಿನಲ್ಲಿ ಮೊಣಕಾಲು ತಬ್ಬಿ ಕೂತು, ಈ ಹೊತ್ತಿಗೆ ಎರಡನೇ ಬೆಲ್ಲು ಹೊಡೆದಿರುತ್ತದೆ, ಈ ಹೊತ್ತಿಗೆ ಪೇಪರು ಕೊಟ್ಟಿರುತ್ತಾರೆ ಎಂದುಕೊಳ್ಳುವಾಗ ಮೊದಲ ಸಲ ಅವಳಿಗೆ ದಿಗಿಲಾಯಿತು. ಪಬ್ಲಿಕ್ ಪರೀಕ್ಷೆಯ ದಿನವೂ ಹೀಗೇ ಆದರೆ?

ಪುನರಾವರ್ತನೆಯನ್ನು ಜಗದಾಂಬ ಸಂಖ್ಯಾಶಾಸ್ತ್ರದಿಂದ ಶುರು ಮಾಡಿದರು. ಅದು ಪುಸ್ತಕದ ಕೊನೆಯ ಪಾಠ. "ಪ್ರಮೇಯ ಮರೆತುಹೋದ್ರೆ ಕೈ ಕಟ್ಕೊಂಡು ಕೂರಬೇಕು. ಇದಕ್ಕೆ ಕೂಡೋದು, ಭಾಗಿಸೋದು ಬಂದ್ರೆ ಸಾಕು, ಮಾರ್ಕ್ಸು ಎಲ್ಲೂ ಹೋಗಲ್ಲ" ಎನ್ನುತ್ತಿದ್ದರು. ಸರಾಸರಿ, ಮಧ್ಯಾಂಕ, ರೂಢಿಬೆಲೆ, ವ್ಯಾಪ್ತಿ ಎಂದು ಬೋರ್ಡಿನ ಮೇಲೆ ನಾಲ್ಕು ಮಾತು ಬರೆದು, "ಪುಸ್ತಕದ ಲೆಕ್ಕ ಸಾಕು. ನಾಳೆ ನಿಮ್ಮ ನಿಮ್ಮ ಮನೆ ಲೆಕ್ಕ ತನ್ನಿ. ಏನಾದರೂ ಸರಿ, ಆರು ಸಂಖ್ಯೆ. ಚೀಟೀಲಿ ಬರ್ಕೊಂಡು ಬನ್ನಿ" ಎಂದರು.

ಆ ಸಂಜೆ ಹೊನ್ನಕ್ಕ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಈರಕ್ಕ ಪಕ್ಕದಲ್ಲಿ ಬಂದು ಕೂತಳು.

"ಅವ್ವ, ಮಾರ್ನಮಿ ಟೈಮ್ನಾಗೆ ನಾನು ಆಚೆ ಕೂತಿದ್ದು ಯಾವತ್ತು? ಹಬ್ಬ ಆಗೋಕೆ ಮುಂಚೇನಾ ಆಮೇಲಾ?"

"ಬನ್ನಿ ಮುಡಿದ ಎರಡ್ನೇ ದಿನ ಕಣೆ. ಅವತ್ತೇ ನಿಮ್ಮಪ್ಪ ಕುರಿ ಹೊಡ್ಕಂಡು ಹೊಂಟಿದ್ದು. ನಿಂಗೆ ಮುದ್ದೆ ಇಕ್ಕಿ ಅಂಗೇ ಹೋಗಿ ಅವನ್ನ ಕಳಿಸಿ ಬಂದೆ. ಯಾಕೆ?"

"ಅದಕ್ಕೆ ಮುಂಚೆ?"

"ನಿಮ್ ಇಸ್ಕೂಲ್ನಾಗೆ ಗಣೇಸನ್ನ ಬುಟ್ರಲ್ಲ, ಅದಾದ ವಾರ. ನೀನು ಅಳ್ತಾ ಕೂತಿದ್ದೆ, ಪರಸಾದ ತಿನ್ನಲಿಲ್ಲ ಅಂತ." ಹೊನ್ನಕ್ಕ ಕೈ ನಿಲ್ಲಿಸಿ ಮಗಳನ್ನು ನೋಡಿದಳು. "ಇದನ್ನೆಲ್ಲ ಕೇಳ್ತಾರೇನೆ ಪರೀಕ್ಸೇಲಿ?"

"ಇಲ್ಲವ್ವ. ನಂಗೇ ಬೇಕು."

ಸಂಕ್ರಾಂತಿಗೆ ಎಳ್ಳು ಹುರಿಯುವ ಮೊದಲು ಒಮ್ಮೆ, ಕುರಿ ಉಣ್ಣೆ ಕತ್ತರಿಸಿದ ಮರುದಿನ ಒಮ್ಮೆ, ಹೀಗೆ ಅವ್ವನ ನೆನಪಿನಿಂದ ಒಂದೊಂದೇ ದಿನ ಎದ್ದು ಬಂತು. ಮಾರನೆಯ ದಿನ ಸ್ಕೂಲಿನ ಗೋಡೆಯ ಕ್ಯಾಲೆಂಡರಿನಲ್ಲೂ ಅದರ ಹಿಂದೆ ತೂಗುತ್ತಿದ್ದ ಹೋದ ವರ್ಷದ ಕ್ಯಾಲೆಂಡರಿನಲ್ಲೂ ಅವಳು ಆ ದಿನಗಳನ್ನು ಹುಡುಕಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ದಿನ ಎಂದು ಬೆರಳಿನಲ್ಲಿ ಎಣಿಸಿದಳು. ಆರು ಸಂಖ್ಯೆ ಬಂದವು. ಮೇಡಂ ಕೇಳಿದ್ದೂ ಆರೇ. ಬೇರೆ ಯಾವ ಲೆಕ್ಕವೂ ಆ ಗಳಿಗೆಗೆ ಅವಳಿಗೆ ಹೊಳೆಯಲಿಲ್ಲ. ಹೆಸರು ಬರೆಯದೆ ಚೀಟಿ ಮಡಿಚಿ ಮೇಜಿನ ಮೇಲಿಟ್ಟಳು. ಬೆಂಚಿಗೆ ಬಂದು ಕೂತ ಮೇಲೆ ಕೊಡಬಾರದಿತ್ತು ಎನ್ನಿಸಿತು. ಎದ್ದು ಹೋಗಿ ತೆಗೆದುಕೊಳ್ಳೋಣವೆಂದರೆ ಮೇಡಂ ಆಗಲೇ ಮೊದಲ ಚೀಟಿ ಬಿಚ್ಚಿದ್ದರು.

ಅದು ಕಾಡಸಿದ್ದಪ್ಪನೆಂಬ ಹುಡುಗನದು. ಬೆಳಗಿನ ಪಾವಗಡದ ಬಸ್ಸು ಆರು ದಿನ ಎಷ್ಟೆಷ್ಟು ನಿಮಿಷ ತಡವಾಗಿ ಬಂತು ಎಂದು ಬರೆದಿದ್ದ: ಐದು, ಹತ್ತು, ಐದು, ಹದಿನೈದು, ಐದು, ಎಂಬತ್ತು.

"ಎಂಬತ್ತಾ?"

"ಟೈರು ಹೋಗಿತ್ತು ಮೇಡಂ."

ಕ್ಲಾಸು ನಕ್ಕಿತು. ಕೂಡಿ ಭಾಗಿಸಿದರೆ ಇಪ್ಪತ್ತು ಬಂತು. "ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂದ ದಿನ ಯಾವುದು?" ಎಂದು ಮೇಡಂ ಕೇಳಿದರು. ಹುಡುಗರು ಬೋರ್ಡು ನೋಡಿದರು. ಅಂಥ ದಿನವೇ ಇರಲಿಲ್ಲ. "ನೋಡಿ, ಸರಾಸರಿ ಅನ್ನೋದು ಆಗದೇ ಇರೋ ದಿನವೂ ಆಗಿರಬಹುದು. ಬರೀ ಅದನ್ನೇ ನಂಬಬೇಡಿ" ಎಂದರು.

ಇನ್ನೊಂದು ಚೀಟಿ ಬಿಚ್ಚಿ ಬೋರ್ಡಿನ ಮೇಲೆ ಬರೆಯತೊಡಗಿದರು. ಇಪ್ಪತ್ತೆಂಟು. ಮೂವತ್ತೊಂದು. ಇಪ್ಪತ್ತೇಳು. ಮೂವತ್ತಮೂರು. ಇಪ್ಪತ್ತೊಂಬತ್ತು. ಇಪ್ಪತ್ತಾರು.

"ಯಾರದ್ದು ಇದು? ಹೆಸರಿಲ್ಲ. ಯಾವುದರ ಲೆಕ್ಕ?"

ಈರಕ್ಕ ತಲೆ ಬಗ್ಗಿಸಿದಳು. ಮೇಡಂ ಮತ್ತೊಮ್ಮೆ ಬೋರ್ಡಿನ ಕಡೆ ತಿರುಗಿದರು. ಅವರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಆಮೇಲೆ ಹುಡುಗಿಯರ ಬೆಂಚಿನ ಕಡೆ ಕಣ್ಣು ಹಾಯಿಸಿ, ತಲೆ ಬಗ್ಗಿಸಿ ಕೂತಿದ್ದ ಒಬ್ಬಳನ್ನು ಕಂಡು, ಕೂಡಲೇ ಬೇರೆ ಕಡೆ ನೋಡಿದರು.

"ಬಿಸಿಲಾ ಮೇಡಂ? ಡಿಗ್ರಿ?" ಕಾಡಸಿದ್ದಪ್ಪ ಕೇಳಿದ.

"ಹೂಂ. ಬಿಸಿಲು ಅಂತಲೇ ಇಟ್ಕೊಳ್ಳಿ. ಬೇಗ ಲೆಕ್ಕ ಮಾಡಿ."

ನಲವತ್ತು ಜನ ತಲೆ ಬಗ್ಗಿಸಿ ಅವಳ ಗುಟ್ಟನ್ನು ಕೂಡತೊಡಗಿದರು. ಒಬ್ಬ ನೂರ ಎಪ್ಪತ್ತನಾಲ್ಕು ಎಂದು ಕೂಗಿದ. ಇನ್ನೊಬ್ಬ ಇಪ್ಪತ್ತೊಂಬತ್ತು ಎಂದ. ಪಕ್ಕದಲ್ಲಿ ಕೂತ ಹುಡುಗಿ ಈರಕ್ಕನ ಮೊಣಕೈ ತಿವಿದು, "ನಿಂದೆಷ್ಟು ಬಂತೆ?" ಎಂದಳು. ಈರಕ್ಕ ಕೈಯಿಂದ ಹಾಳೆ ಮುಚ್ಚಿಕೊಂಡಳು.

"ಸರಾಸರಿ ಇಪ್ಪತ್ತೊಂಬತ್ತು. ವ್ಯಾಪ್ತಿ ಇಪ್ಪತ್ತಾರರಿಂದ ಮೂವತ್ತಮೂರು, ಅಂದರೆ ಏಳು" ಎಂದರು ಮೇಡಂ.

"ಮೇಡಂ, ಹಂಗಾದ್ರೆ ಮುಂದಿಂದು ಎಷ್ಟು ಬರುತ್ತೆ ಅಂತ ಹೇಳ್ಬೋದಾ?" ಈರಕ್ಕ ತಲೆ ಎತ್ತದೆ ಕೇಳಿದಳು.

ಜಗದಾಂಬ ಒರೆಸುವ ಬಟ್ಟೆ ಕೈಗೆತ್ತಿಕೊಂಡರು. "ಇಷ್ಟರ ಒಳಗೆ ಬರಬಹುದು ಅನ್ನಬಹುದು. ಇಂಥದ್ದೇ ಅಂತ ಹೇಳೋಕಾಗಲ್ಲ" ಎಂದು ಬೋರ್ಡು ಒರೆಸಿಬಿಟ್ಟರು.

ಕ್ಲಾಸು ಮುಗಿದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿಕೊಂಡರು. "ಪ್ರಿಪರೇಟರಿ ದಿನ ಜ್ವರ ಅಲ್ಲ ಅಲ್ವಾ?" ಎಂದರು. ಈರಕ್ಕ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಇಬ್ಬರೂ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ಪರೀಕ್ಷೆ ಯುಗಾದಿ ಆದಮೇಲೆ ಸೋಮವಾರ ಶುರು. ಗುರುವಾರ ಲೆಕ್ಕ, ಶುಕ್ರವಾರ ವಿಜ್ಞಾನ, ಶನಿವಾರ ಸಮಾಜ. ಸರಾಸರಿಯ ಪ್ರಕಾರ ಹೋದರೆ ಬರಬೇಕಾದದ್ದು ಶನಿವಾರ. ಆದರೆ ಬುಧವಾರದಿಂದ ಮುಂದೆ ಯಾವ ದಿನ ಬೇಕಾದರೂ ಬರಬಹುದಿತ್ತು.

"ಹಂಗಾದ್ರೆ ಲೆಕ್ಕ ಹೋಯ್ತು ಮೇಡಂ."

"ಹೋಗಲಿಲ್ಲ, ಬಂದೂ ಇಲ್ಲ" ಎಂದರು ಜಗದಾಂಬ. ಆದರೆ ಅವರ ದನಿಯಲ್ಲೂ ಧೈರ್ಯವಿರಲಿಲ್ಲ.

ಅವರ ಮನೆ ಮಧುಗಿರಿಯಲ್ಲಿ. ಪರೀಕ್ಷೆಯ ಸೆಂಟರೂ ಅಲ್ಲೇ. ಮುಂದಿನ ಭಾನುವಾರ ಅವರು ತಮ್ಮ ತಾಯಿ ರಾಜಲಕ್ಷ್ಮಮ್ಮನವರನ್ನು ಕರೆದುಕೊಂಡು ಹಟ್ಟಿಗೆ ಬಂದರು. ಬೇಲಿಯ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದು, ಯತ್ತಪ್ಪನೊಂದಿಗೆ ಪರೀಕ್ಷೆಯ ವಾರ ಹುಡುಗಿ ತಮ್ಮ ಮನೆಯಲ್ಲಿದ್ದು ಓದಿಕೊಳ್ಳಲಿ ಎಂದಷ್ಟೇ ಮಾತಾಡಿದರು. ಯತ್ತಪ್ಪ ಅಣ್ಣನನ್ನು ಕೇಳಬೇಕು ಎಂದ. ಅಣ್ಣ ಕ್ಯಾತಣ್ಣ ಹಟ್ಟಿಯ ಗುಡಿಯ ಪೂಜಾರಿ.

ನಿಜವಾದ ಮಾತು ನಡೆದದ್ದು ಒಲೆಯ ಮುಂದೆ, ಹೆಂಗಸರ ನಡುವೆ. ರಾಜಲಕ್ಷ್ಮಮ್ಮ ಹೊನ್ನಕ್ಕನಿಗೆ ಮೆಲ್ಲಗೆ ಹೇಳಿದರು: "ನಮ್ಮನೇಲೂ ಹಿತ್ತಲ ಕಡೆ ಒಂದು ಕೋಣೆ ಐತಮ್ಮ. ನಾನೂ ಕೂತವಳೇ. ನಿಮ್ಮ ಹುಡುಗಿಗೆ ಅಲ್ಲಾಯ್ತು ಅಂದ್ರೆ ಅಲ್ಲೇ ಇರ್ತಾಳೆ, ಅಲ್ಲಿಂದಲೇ ಪರೀಕ್ಷೆಗೆ ಹೋಗ್ತಾಳೆ."

"ಅಂಗೆ ಬರೀಬೋದಾ?" ಹೊನ್ನಕ್ಕ ಗಾಬರಿಯಾಗಿ ಓರಗಿತ್ತಿ ಪುಟ್ಟಕ್ಕನ ಮುಖ ನೋಡಿದಳು. ಪುಟ್ಟಕ್ಕ ಕ್ಯಾತಣ್ಣನ ಹೆಂಡತಿ. ಅವಳು ಎದ್ದು ಗಂಡನ ಹತ್ತಿರ ಹೋದಳು.

ಸಂಜೆ ಕ್ಯಾತಣ್ಣನೇ ಬಂದು ಈರಕ್ಕನನ್ನು ಕರೆದ. ಅವನ ಮುಖ ಸಿಟ್ಟಾಗಿರಲಿಲ್ಲ, ಆದರೆ ಸಡಿಲವಾಗಿಯೂ ಇರಲಿಲ್ಲ.

"ನೋಡವ್ವ, ಊರಾಚೆ ಆದದ್ದು ಊರಾಚೆಗೇ. ಅಲ್ಲಿ ನೀನು ಬರೀತೀಯೋ ಬುಡ್ತೀಯೋ ನಂಗೆ ಬೇಡ. ಆದ್ರೆ ಆಗಿದ್ರೆ ದಿನ ಕಳೆದು, ತಲೆಗೆ ನೀರು ಹುಯ್ಕಂಡೇ ಬೇಲಿ ದಾಟಬೇಕು. ಮುಚ್ಚಿಟ್ಟು ಒಳಕ್ಕೆ ಕಾಲಿಕ್ಕಿದ್ರೆ ಅದು ಬರೀ ನಿನ್ ತಲೆ ಮೇಲೆ ಬರಲ್ಲ. ಹಟ್ಟಿ ಮೇಲೆ ಬರ್ತೈತೆ."

"ಮುಚ್ಚಿಡಲ್ಲ ದೊಡ್ಡಪ್ಪ" ಎಂದಳು ಈರಕ್ಕ.

ಹೀಗೆ ಅವಳು ಮಧುಗಿರಿಗೆ ಹೋದಳು. ಜಗದಾಂಬ ಮೇಡಂ ಅವರ ಮನೆ ಬೆಟ್ಟದ ಬುಡದ ಒಂದು ಓಣಿಯಲ್ಲಿತ್ತು. ಸೋಮವಾರ ಕನ್ನಡ ಚೆನ್ನಾಗಾಯಿತು. ಮಂಗಳವಾರ ಇಂಗ್ಲಿಷು ಹೇಗೋ ಆಯಿತು. ಬುಧವಾರದಿಂದ ಅವಳ ಗಮನ ಪುಸ್ತಕದಲ್ಲಿ ನಿಲ್ಲಲಿಲ್ಲ. ಓದುತ್ತ ಓದುತ್ತ ಸೊಂಟ ನೋಯುತ್ತಿದೆಯೇ ಎಂದು ಕಾದು ಕೂರುವಳು. ನೋವಿಲ್ಲದಿದ್ದರೂ ಇದೆ ಎನ್ನಿಸುವುದು. ಬಚ್ಚಲಿಗೆ ಹೋಗಿ ಬರುವಳು, ಮತ್ತೆ ಹೋಗುವಳು. ರಾಜಲಕ್ಷ್ಮಮ್ಮ ಬಿಸಿಬಿಸಿ ಅನ್ನ ಸಾರು ಬಡಿಸಿದರೆ ನಾಲ್ಕು ತುತ್ತಿಗೆ ಕೈ ತೊಳೆದುಬಿಡುವಳು.

"ಬಂದ್ರೆ ಬರಲಿ ಬಿಡು. ಹೇಗಿದ್ರೂ ಬರೀತೀಯಲ್ಲ" ಎಂದರು ಜಗದಾಂಬ.

ಈರಕ್ಕ ತಲೆಯಾಡಿಸಿದಳು. ಆದರೆ ಒಳಗೆ ಅವಳಿಗೇ ಗೊತ್ತಿರಲಿಲ್ಲ. ಪರೀಕ್ಷೆ ಬರೆಯುತ್ತಿರುವಾಗಲೇ ಆದರೆ ಆ ಕೈಯಲ್ಲಿ ಪೇಪರು ಮುಟ್ಟಬಹುದೇ? ಮೇಡಂಗೆ ಅದು ಸಣ್ಣ ಮಾತು. ತನಗೆ ಗುಡಿಯ ಮುಂದೆ ನಿಂತಾಗ ಆಗುವ ಭಯ ಮೇಡಂಗೆ ಹೇಗೆ ಹೇಳುವುದು?

ಗುರುವಾರ ಪರೀಕ್ಷೆಯ ಹಾಲಿನಲ್ಲಿ ಕಿಟಕಿಯಿಂದ ಬಿಸಿಲು ನೇರ ಬೆಂಚಿನ ಮೇಲೆ ಬೀಳುತ್ತಿತ್ತು. ಪೇಪರು ಬಂತು. ಐವತ್ತು ಮಕ್ಕಳ ತೂಕದ ಪಟ್ಟಿ ಕೊಟ್ಟು ಸರಾಸರಿಯನ್ನೂ ಮಧ್ಯಾಂಕವನ್ನೂ ಕೇಳಿದ್ದರು. ಅವಳು ಅದನ್ನೇ ಮೊದಲು ತೆಗೆದುಕೊಂಡಳು. ತಾಳೆ ಗುರುತು ಹಾಕಿ, ಗುಣಿಸಿ, ಕೂಡಿ ಅರ್ಧ ಮುಗಿಸಿದ್ದಳು. ಕೆಳಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಪೆನ್ನು ಕೈಯಲ್ಲೇ ಉಳಿಯಿತು. ಇದೇ ಎಂದುಕೊಂಡಳು. ಉಸಿರು ಬಿಗಿಹಿಡಿದು ಕೂತಳು. ಸುತ್ತ ಎಲ್ಲರೂ ಬರೆಯುತ್ತಿದ್ದರು, ಹಾಳೆ ಮಗುಚುವ ಸದ್ದು. ಮೇಲ್ವಿಚಾರಕರು ಹತ್ತಿರ ಬಂದು, "ಯಾಕಮ್ಮ, ಹುಷಾರಿಲ್ವಾ? ನೀರು ಬೇಕಾ?" ಎಂದರು. ಬೇಡ ಎಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ನೋವು ತಾನಾಗಿ ಸರಿಯಿತು. ಏನೂ ಆಗಿರಲಿಲ್ಲ. ಅಷ್ಟರಲ್ಲಿ ಬಹಳ ಹೊತ್ತು ಹೋಗಿತ್ತು. ಕೊನೆಯ ಪ್ರಮೇಯಕ್ಕೆ ಚಿತ್ರ ಬರೆಯುವಾಗಲೇ ಬೆಲ್ಲು ಹೊಡೆಯಿತು.

ಶುಕ್ರವಾರವೂ ಆಗಲಿಲ್ಲ. ಶನಿವಾರವೂ ಆಗಲಿಲ್ಲ. ಸಮಾಜದ ಪೇಪರು ಕೊಟ್ಟು ಹೊರಗೆ ಬಂದಾಗ ಜಗದಾಂಬ ಗೇಟಿನಲ್ಲಿ ಕಾಯುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು. ಅವಳಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಹಟ್ಟಿಯ ಬೇಲಿಯ ಬಳಿ ಹೊನ್ನಕ್ಕ ಎದುರು ಬಂದಳು. "ಅಲ್ಲೇನಾರ ಆಯ್ತಾ?"

"ಇಲ್ಲವ್ವ."

"ನಿಜವಾ?"

"ದೇವರಾಣೆ ಅವ್ವ."

ಒಳಗೆ ಬಂದಳು. ಇನ್ನೊಂದೆರಡು ದಿನದಲ್ಲಿ ಆಗುತ್ತದೆ ಎಂದು ಇಬ್ಬರೂ ಅಂದುಕೊಂಡರು. ಬುಧವಾರ ಬಂತು. ಮೂವತ್ತಮೂರನೆಯ ದಿನ. ವ್ಯಾಪ್ತಿಯ ಕೊನೆ. ಆ ದಿನ ಅವಳು ಬೆಳಗಿನಿಂದ ಸಂಜೆಯವರೆಗೆ ಕಾದಳು. ಗುರುವಾರ ಬಂತು, ಶುಕ್ರವಾರ ಬಂತು. ಅವಳ ಲೆಕ್ಕದಲ್ಲಿ ಇಲ್ಲದ ದಿನಗಳು ಒಂದರ ಹಿಂದೆ ಒಂದು ಬರತೊಡಗಿದವು.

ಆ ವಾರವೇ ಕ್ಯಾತಣ್ಣನ ರೊಪ್ಪದಲ್ಲಿ ಎರಡು ಮರಿ ಭೇದಿ ಹತ್ತಿ ಸತ್ತವು. ಬೇಸಗೆಯಲ್ಲಿ ಮರಿ ಸಾಯುವುದು ಹೊಸದೇನಲ್ಲ. ಆದರೂ ನೀರಿನ ಬಾವಿಯ ಹತ್ತಿರ ಪುಟ್ಟಕ್ಕ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಪರೀಕ್ಸೆ ವಾರದಾಗೇ ಆಗಿರ್ತೈತೆ. ಮುಚ್ಚಿಟ್ಟು ಬಂದವಳೆ. ಇಲ್ದಿದ್ರೆ ಇಷ್ಟೊತ್ಗೆ ಆಚೆ ಕೂರಬೇಕಾಗಿತ್ತಲ್ಲ."

ಹೊನ್ನಕ್ಕ ಕೊಡ ಅರ್ಧ ತುಂಬಿಸಿಕೊಂಡೇ ಮನೆಗೆ ಬಂದಳು. ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

"ಮಧುಗಿರೀಲೇ ಆಯ್ತು ಅಂತ ಹೇಳ್ಬುಡೆ. ಗೊತ್ತಾಗದೆ ಬಂದ್ಬುಟ್ಟೆ ಅನ್ನು. ನಿಮ್ಮ ದೊಡ್ಡಪ್ಪ ಬೈತಾನೆ, ತೀರ್ಥ ಹಾಕಿ ಸುದ್ದ ಮಾಡ್ತಾನೆ, ಮುಗೀತದೆ."

"ಆಗದೇ ಇದ್ದದ್ದನ್ನ ಆಯ್ತು ಅನ್ನಲಾ?"

"ಅನ್ನು. ನಿಂಗೇನು ಕಷ್ಟ?"

"ಮುಚ್ಚಿಡಲ್ಲ ಅಂತ ದೊಡ್ಡಪ್ಪಂಗೆ ಹೇಳಿದೀನಿ ಅವ್ವ. ಈಗ ಮುಚ್ಚಿಟ್ಟಿದ್ದೆ ಅಂದ್ರೆ ಮರಿ ಸತ್ತಿದ್ದೂ ನಂದೇ ತಪ್ಪಾಗುತ್ತೆ."

ಹೊನ್ನಕ್ಕ ಮಗಳ ರಟ್ಟೆ ಹಿಡಿದಳು. ದನಿ ತೀರ ಇಳಿಯಿತು. "ಅದಲ್ಲ ಅಂದ್ರೆ ಇನ್ನೇನು ಅಂತ ಕೇಳ್ತಾರಲ್ಲೇ ನನ್ನ. ಒಂದು ವಾರ ಯಾರದೋ ಮನೇಲಿದ್ದು ಬಂದೀಯ. ಏನು ಹೇಳಲಿ?"

ಮೊದಲಿಗೆ ಈರಕ್ಕನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅವ್ವನ ಕೈಯಿಂದ ರಟ್ಟೆ ಕಿತ್ತುಕೊಂಡಳು. "ನೀನೂ ಅಂಗೇ ಅನ್ಕಂಡಿದೀಯಾ?" ಎಂದಳು. ಹೊನ್ನಕ್ಕ ಇಲ್ಲ ಎನ್ನಲಿಲ್ಲ. ಅಳುತ್ತ ನಿಂತಳು. ಬೇಲಿಯ ಆಚೆ ಯತ್ತಪ್ಪ ಕುರಿಗೆ ಸೊಪ್ಪು ಕಡಿಯುತ್ತಿದ್ದ. ಮಾತು ಅವನಿಗೆ ಕೇಳಿಸಿತೋ ಏನೋ, ಮಚ್ಚಿನ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು.

ಆಮೇಲೆ ಈರಕ್ಕ ಯಾರ ಜತೆಗೂ ಮಾತಾಡಲಿಲ್ಲ. ಏನೂ ತಪ್ಪು ಮಾಡಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ತನ್ನ ಮೈ ತನ್ನ ಮೇಲೇ ಸುಳ್ಳು ಸಾಕ್ಷಿ ಹೇಳುತ್ತಿರುವಂತೆ ಕಂಡಿತು. ಏನಾದರೂ ಕಾಯಿಲೆಯೋ ಎಂದು ಬೇರೆ ಹೆದರಿದಳು.

ಸೋಮವಾರ ಹೊನ್ನಕ್ಕನೇ ಹೊರಟಳು. ಮಗಳನ್ನು ಕರೆದುಕೊಂಡು ಮಿಡಿಗೇಶಿ ಸ್ಕೂಲಿಗೆ ಹೋಗಿ, ಕೆಳಗಿನ ಕ್ಲಾಸಿನವರ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದ ಜಗದಾಂಬರ ಮುಂದೆ ನಿಂತು ನೇರವಾಗಿ ಕೇಳಿದಳು. "ಮೇಡಮ್ಮೋರೆ, ನಿಮ್ಮನೇಲಿ ಗಂಡಸ್ರು ಯಾರಿದ್ರು?"

ಜಗದಾಂಬರ ಮುಖ ಕೆಂಪಾಯಿತು. ಈರಕ್ಕನನ್ನೂ ಅವಳ ತಾಯಿಯನ್ನೂ ನೋಡಿದರು. ಪೆನ್ನು ಕೆಳಗಿಟ್ಟು, "ಯಾರೂ ಇಲ್ಲ. ನಾನು, ನಮ್ಮಮ್ಮ, ನಿಮ್ಮ ಮಗಳು. ಅವಳು ಮನೆ ಬಿಟ್ಟರೆ ಪರೀಕ್ಷೆ, ಪರೀಕ್ಷೆ ಬಿಟ್ಟರೆ ಮನೆ. ಎರಡು ಕಡೆಗೂ ನಾನೇ ಜತೇಲಿದ್ದೆ" ಎಂದರು. ಆಮೇಲೆ ಕುರ್ಚಿ ಎಳೆದು ಹೊನ್ನಕ್ಕನನ್ನು ಕೂರಿಸಿದರು. "ಎಷ್ಟು ದಿನ ಆಯ್ತು?"

"ಮೂವತ್ತೆಂಟು" ಎಂದಳು ಈರಕ್ಕ. ಆ ದಿನ ಅವಳ ಬಾಯಿಂದ ಬಂದ ಮೊದಲ ಮಾತು ಅದು. "ವ್ಯಾಪ್ತೀಲಿ ಇಲ್ಲ ಮೇಡಂ."

"ತಪ್ಪು ನಂದು" ಎಂದರು ಜಗದಾಂಬ. "ಇಷ್ಟರ ಒಳಗೇ ಬರಬಹುದು ಅಂದೆ. ಆರು ಸಲದಲ್ಲಿ ಮೂವತ್ತಮೂರು ದೊಡ್ಡದು, ಅಷ್ಟೇ. ಏಳನೇದು ಅದಕ್ಕಿಂತ ದೊಡ್ಡದಾಗಬಾರದು ಅಂತ ಯಾರೂ ಬರೆದುಕೊಟ್ಟಿಲ್ಲ. ಅದನ್ನ ಅವತ್ತು ಕ್ಲಾಸಲ್ಲಿ ಹೇಳಬೇಕಾಗಿತ್ತು, ಹೇಳಲಿಲ್ಲ." ಹೊನ್ನಕ್ಕನ ಕಡೆ ತಿರುಗಿ ಕೇಳಿದರು. "ಹೊನ್ನಕ್ಕ, ನಿಮಗೆ ಯಾವತ್ತೂ ತಡ ಆಗಿಲ್ವಾ? ಮಕ್ಕಳಾಗೋ ಟೈಮು ಬಿಟ್ಟು?"

"ನಂಗೆಲ್ಲಿ..." ಎಂದವಳು ತಡೆದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಒಂದು ಸಲ. ನನ್ ದೊಡ್ಡಣ್ಣ ರಾಯಚರ್ಲಾಗೆ ಬಾವಿಗೆ ಬಿದ್ದು ಹೋದ್ನಲ್ಲ, ಆ ವರ್ಸ. ಎರಡು ತಿಂಗಳು ಆಗಲೇ ಇಲ್ಲ. ನಮ್ಮತ್ತೆ ಬಸುರಿ ಅನ್ಕಂಡಿದ್ಲು."

"ಯಾಕೆ ನಿಂತಿತ್ತು ಅಂತೀರ?"

"ಸಂಕಟಕ್ಕೆ" ಎಂದಳು ಹೊನ್ನಕ್ಕ. ಅಷ್ಟು ಹೇಳಿ ಮಗಳನ್ನು ನೋಡಿದಳು. ಕೆನ್ನೆ ಒಳಕ್ಕೆ ಹೋಗಿತ್ತು, ಕಣ್ಣ ಸುತ್ತ ಕಪ್ಪಾಗಿತ್ತು. ಒಂದು ತಿಂಗಳಿಂದ ಹುಡುಗಿ ಸರಿಯಾಗಿ ಉಂಡಿಲ್ಲವೆಂದು ಆಗ ಅವಳಿಗೆ ಕಂಡಿತು. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಮಗಳ ಕೈ ಹಿಡಿದುಕೊಂಡೇ ಬಂದಳು.

ಮಾರನೆಯ ದಿನ ಹೊನ್ನಕ್ಕ ಬೇರೆಯೇ ಹೆಂಗಸಾಗಿದ್ದಳು. ಸೌದೆಗೆ ಹೋದಾಗ, ನೀರಿಗೆ ಹೋದಾಗ, ಸಿಕ್ಕ ಹೆಂಗಸರನ್ನೆಲ್ಲ ಮರೆಯಲ್ಲಿ ನಿಲ್ಲಿಸಿ ಅದೇ ಪ್ರಶ್ನೆ ಕೇಳಿದಳು. ಸಣ್ಣಕ್ಕ ಎನ್ನುವವಳು, ಗಂಡ ಕುರಿ ಹೊಡೆದುಕೊಂಡು ಹೋಗಿ ಸುದ್ದಿಯೇ ಇಲ್ಲದಿದ್ದಾಗ ತನಗೂ ನಿಂತಿತ್ತು ಎಂದಳು. ಇನ್ನೊಬ್ಬಳು ಮದುವೆಯಾದ ಹೊಸದರಲ್ಲಿ ಎಂದಳು. ಇಲ್ಲ ಎಂದವರೂ ಇದ್ದರು. ಆದರೆ ಇಷ್ಟು ವರ್ಷ ಒಂದೇ ಗುಡಿಸಲಿನಲ್ಲಿ ಕೂತು ಎದ್ದು ಬಂದ ಹೆಂಗಸರು ಈ ಮಾತನ್ನು ಯಾವತ್ತೂ ಒಬ್ಬರಿಗೊಬ್ಬರು ಆಡಿಕೊಂಡಿರಲಿಲ್ಲ.

ಕೊನೆಗೆ ಪುಟ್ಟಕ್ಕನ ಮನೆಗೆ ಹೋದಳು. ಪುಟ್ಟಕ್ಕ ಮಜ್ಜಿಗೆ ಕಡೆಯುತ್ತಿದ್ದಳು.

"ಅಕ್ಕ, ನಿಂಗೆ ಯಾವತ್ತಾರ ತಡ ಆಗಿತ್ತಾ? ದಿಗಿಲಿಗೆ, ದುಕ್ಕಕ್ಕೆ?"

ಕಡೆಗೋಲು ಸ್ವಲ್ಪ ಹೊತ್ತು ತಿರುಗುತ್ತಲೇ ಇತ್ತು. ಆಮೇಲೆ ನಿಂತಿತು.

"ಮೊದಲ್ನೇ ಕೂಸು ಹೋಯ್ತಲ್ಲ" ಎಂದಳು ಪುಟ್ಟಕ್ಕ. "ಆಮೇಲೆ ಮೂರು ತಿಂಗಳು." ತಲೆ ಎತ್ತದೆ ಮತ್ತೆ ಹೇಳಿದಳು. "ಯಾರಿಗೂ ಹೇಳಿರಲಿಲ್ಲ. ನೀನ್ಯಾಕೆ ಕೇಳ್ತಿದೀಯ ಅಂತ ಗೊತ್ತು. ಹೋಗು."

ಅಂದಿನಿಂದ ಬಾವಿಯ ಹತ್ತಿರ ಆ ಮಾತು ನಿಂತಿತು. ಕ್ಯಾತಣ್ಣನಿಗೆ ಪುಟ್ಟಕ್ಕ ಏನು ಹೇಳಿದಳೋ, ಅವನೂ ಕೇಳಲಿಲ್ಲ. ಆದರೆ ಈರಕ್ಕನ ಎದೆಯ ಭಾರ ಇಳಿಯಲಿಲ್ಲ. ದಿನ ಬೆಳಗಾದರೆ ಅವ್ವನ ಕಣ್ಣು ಅವಳನ್ನು ಹುಡುಕುತ್ತಿತ್ತು. ಅವಳು ಇಲ್ಲ ಎಂದು ತಲೆಯಾಡಿಸುತ್ತಿದ್ದಳು.

ಆ ಶನಿವಾರ ಬೆಳಿಗ್ಗೆ ಅವಳು ಎದ್ದವಳೇ ಯಾರಿಗೂ ಕಾಯದೆ ಚಾಪೆ ಸುತ್ತಿಕೊಂಡು ಬೇಲಿ ದಾಟಿ ಹೊಂಗೆಮರದ ಕಡೆ ನಡೆದಳು. ಹೊನ್ನಕ್ಕ ಅವಳ ಹಿಂದೆ ಓಡಿ ಬಂದು, ಗುಡಿಸಲಿನಿಂದ ಹತ್ತು ಮಾರು ದೂರದಲ್ಲಿ ನಿಂತಳು. ಮುಟ್ಟುವ ಹಾಗಿರಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳೋ ಅತ್ತಳೋ, ದೂರದಿಂದ ತಿಳಿಯಲಿಲ್ಲ.

ನಲವತ್ತಮೂರು ದಿನ. ಮೂರು ದಿನವೂ ಈರಕ್ಕ ಗುಡಿಸಲಿನಲ್ಲಿ ಮಲಗಿ ನಿದ್ದೆ ಮಾಡಿದಳು. ಎಚ್ಚರವಾದಾಗಲೆಲ್ಲ ಅವಳಿಗೆ ಹಗುರ ಎನ್ನಿಸುತ್ತಿತ್ತು, ಹಿಂದೆಯೇ ಸಿಟ್ಟೂ ಬರುತ್ತಿತ್ತು. ಇಲ್ಲಿ ಬಂದು ಕೂತದ್ದಕ್ಕೆ ಇಷ್ಟೊಂದು ಖುಷಿಪಡುವ ಹಾಗೆ ತನ್ನನ್ನು ಮಾಡಿದವರು ಯಾರು ಎಂದು ಅವಳಿಗೆ ಸಿಟ್ಟು. ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಎರಡನೆಯ ದಿನ ಊಟ ತಂದವಳು ಪುಟ್ಟಕ್ಕ. ದೂರದಲ್ಲಿ ತಟ್ಟೆ ಇಟ್ಟು, "ತುಪ್ಪ ಹಾಕಿದೀನಿ. ಪೂರ್ತಿ ಉಣ್ಣು" ಎಂದು ಹೋದಳು.

ಮೇ ಕೊನೆಯಲ್ಲಿ ರಿಸಲ್ಟು ಬಂತು. ಈರಕ್ಕ ಪಾಸಾಗಿದ್ದಳು. ಲೆಕ್ಕದಲ್ಲಿ ಐವತ್ತೊಂದು. ಸುದ್ದಿ ಕೇಳಿ ರಾಯಚರ್ಲುವಿನ ಮಾವ ಬಂದ. ಪಾಸಾದ್ದು ಒಳ್ಳೆಯದೇ, ಶ್ರಾವಣದಲ್ಲಿ ಮದುವೆ ಮುಗಿಸೋಣ ಎಂದ. ಹೊನ್ನಕ್ಕ ಒಳಗಿನಿಂದ ಗಂಡನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಯತ್ತಪ್ಪ ಬೀಡಿ ಆರಿಸಿ, "ಎರಡು ವರ್ಸ ತಡಿಯಪ್ಪ. ಹುಡುಗಿ ಇನ್ನೂ ಓದ್ಲಿ" ಎಂದ. ಮಾವ ಊಟಕ್ಕೂ ನಿಲ್ಲದೆ ಎದ್ದು ಹೋದ. ಅವನು ತಡೆಯುತ್ತಾನೋ, ಬೇರೆ ಕಡೆ ನೋಡುತ್ತಾನೋ, ಆ ಚಿಂತೆ ಮನೆಯಲ್ಲಿ ಉಳಿಯಿತು.

ಜುಲೈನಲ್ಲಿ ಮಧುಗಿರಿ ಕಾಲೇಜಿಗೆ ಸೇರಲು ಯತ್ತಪ್ಪನೇ ಜತೆಗೆ ಬಂದ. ಹೆಗಲ ಮೇಲಿನ ಕಂಬಳಿಯನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತ ಗೇಟಿನ ಬಳಿ ನಿಂತ. ಪ್ಯಾಂಟು ಹಾಕಿದ ಹುಡುಗರು ಗುಂಪುಗುಂಪಾಗಿ ಒಳಗೆ ಹೋಗುತ್ತಿದ್ದರು. ಈರಕ್ಕ ಅಪ್ಪನ ಪಕ್ಕದಲ್ಲೇ ನಿಂತಳು.

"ಅಪ್ಪ, ನೀನೂ ಒಳಕ್ಕೆ ಬಾ."

"ನಾನ್ಯಾಕೆ ಬರಲಿ? ನಂಗೇನು ಗೊತ್ತಾಗುತ್ತೆ? ಹೋಗು, ಕೇಳು, ಯಾರಾರ ಹೇಳ್ತಾರೆ. ನಾನು ಈ ಬೇವಿನಮರದ ಕೆಳಗಿರ್ತೀನಿ."

ಅವಳು ಒಳಗೆ ಹೋದಳು. ಯಾವ ರೂಮಿಗೆ ಹೋಗಬೇಕೆಂದು ತಿಳಿಯದೆ ಎರಡು ಸಲ ತಪ್ಪು ಬಾಗಿಲಿಗೆ ಹೋಗಿ ಬಂದಳು. ಕಿಟಕಿಯಿಂದ ಹೊರಗೆ ನೋಡಿದಾಗ ಅಪ್ಪ ಮರದ ಕೆಳಗೆ ಕಂಬಳಿ ಹಾಸಿಕೊಂಡು, ಗೇಟಿನ ಕಡೆಗೇ ಮುಖ ಮಾಡಿ ಕೂತಿದ್ದ. ಮೂರನೆಯ ಬಾಗಿಲಲ್ಲಿ ನಿಂತು ಅವಳು ತನ್ನ ಹೆಸರು ಹೇಳಿದಳು.